ಸೋತ ಚಿತ್ರ ಗೆದ್ದ ಬಗೆ: ಬಸ್ಟರ್ ಕೀಟನ್ನನ 'ದಿ ಜನರಲ್'



ಇಂದು ನಮ್ಮ ಓದುವ ಕೋಣೆಯ ಗೋಡೆಗೆ ಬಿಳಿಯ ಪರದೆ ಕಟ್ಟಿದ್ದೇವೆ. ಅದರ ಮೇಲೆ ತೋರಿಸಲಿರುವುದು ಮಾತಿಲ್ಲದ, ಬಣ್ಣವಿಲ್ಲದ, ಸುಮಾರು ನೂರು ವರ್ಷ ಹಳೆಯದಾದ ಅಮೆರಿಕದ ಒಂದು ಹಾಸ್ಯಚಿತ್ರ. "ಕನ್ನಡ ವಾಚನಾಲಯಕ್ಕೂ ಇದಕ್ಕೂ ಏನು ಸಂಬಂಧ?" ಎಂದು ಸಮಿತಿಯ ಸಭೆಯಲ್ಲಿ ಹಿರಿಯರೊಬ್ಬರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಮೂಕಚಿತ್ರಕ್ಕೆ ಸ್ವಂತ ಭಾಷೆಯಿಲ್ಲ; ನೋಡುವವರದೇ ಅದರ ಭಾಷೆ. ನಡುನಡುವೆ ಬರುವ ಬರಹದ ಫಲಕಗಳನ್ನು ಕನ್ನಡಕ್ಕೆ ತಂದು ಬರೆದಿಟ್ಟುಕೊಂಡಿದ್ದೇನೆ. ಚಿತ್ರ ನಡೆಯುವಾಗ ಓದಿ ಹೇಳುತ್ತೇನೆ. ಮೂಕಚಿತ್ರಗಳ ಕಾಲದಲ್ಲಿ ನಮ್ಮ ದೇಶದ ಊರೂರುಗಳಲ್ಲಿ ಪರದೆಯ ಪಕ್ಕದಲ್ಲಿ ಒಬ್ಬ ನಿಂತು ಹೀಗೆಯೇ ಓದಿ ಹೇಳುವ ರೂಢಿಯಿತ್ತು.

ನಾನು ಸಿನಿಮಾ ಪಂಡಿತನಲ್ಲ. ಗಿರಣಿಯ ಲೆಕ್ಕದ ವಿಭಾಗದಲ್ಲಿ ಗುಮಾಸ್ತನಾಗಿದ್ದೇನೆ. ಓದು ಮೆಟ್ರಿಕ್ಕಿಗೆ ನಿಂತಿತು. ಆದುದರಿಂದ ಈ ಚಿತ್ರದ ವೃತ್ತಾಂತವನ್ನು ನಾನು ಬಲ್ಲ ಜಮಾ-ಖರ್ಚಿನ ಭಾಷೆಯಲ್ಲಿಯೇ ಆರಂಭಿಸಲು ಅಪ್ಪಣೆ ಬೇಡುತ್ತೇನೆ.

ಖರ್ಚಿನ ಬದಿಯಲ್ಲಿ ಸುಮಾರು ಏಳೂವರೆ ಲಕ್ಷ ಡಾಲರು. ಜಮೆಯ ಬದಿಯಲ್ಲಿ, ಅಮೆರಿಕ ದೇಶದೊಳಗೆ, ಸುಮಾರು 4,74,000 ಡಾಲರು. ಚಿತ್ರ ಸಿದ್ಧವಾದದ್ದು 1926ರಲ್ಲಿ. ನ್ಯೂಯಾರ್ಕಿನ ಕ್ಯಾಪಿಟಲ್ ಥಿಯೇಟರಿಗೆ ಬಂದದ್ದು 1927ರ ಫೆಬ್ರವರಿಯಲ್ಲಿ. ವ್ಯಾಪಾರದವರು ಓದುವ 'ವೆರೈಟಿ' ಪತ್ರಿಕೆ ಇದು ಬಿದ್ದುಹೋದ ಚಿತ್ರವೆಂದೇ ಬರೆಯಿತು. 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯವರು ಕೀಟನ್ನನ ಹಿಂದಿನ ಚಿತ್ರಗಳ ಸಮಕ್ಕೆ ಇದು ಬಾರದೆಂದರು. ರಾಬರ್ಟ್ ಶೆರ್ವುಡ್ ಎಂಬ ಹೆಸರಾಂತ ವಿಮರ್ಶಕರಿಗೆ ಹಾಸ್ಯಚಿತ್ರದಲ್ಲಿ ಸೈನಿಕರು ನಿಜವಾಗಿ ಸಾಯುವಂತೆ ತೋರಿಸಿದ್ದು ಹಿಡಿಸಲಿಲ್ಲ. ಸಾವನ್ನು ಕಂಡು ನಗುವುದು ಹೇಗೆ ಎಂಬುದು ಅವರ ಆಕ್ಷೇಪಣೆ. ಅಂದಿನ ದಿನ ಆ ಪುಸ್ತಕ ನನ್ನ ಮೇಜಿಗೆ ಬಂದಿದ್ದರೆ ನಾನೂ ಕೆಂಪು ಮಸಿಯಲ್ಲಿ ಗೆರೆ ಎಳೆದು ಖಾತೆ ಮುಚ್ಚುತ್ತಿದ್ದೆ.

ಈಗ ಇನ್ನೊಂದು ಪುಸ್ತಕವನ್ನು ತೆರೆಯೋಣ. ಬ್ರಿಟನ್ನಿನ 'ಸೈಟ್ ಅಂಡ್ ಸೌಂಡ್' ಎಂಬ ಪತ್ರಿಕೆಯವರು 1952ರಿಂದ ಹತ್ತು ವರ್ಷಕ್ಕೊಮ್ಮೆ ನಾನಾ ದೇಶಗಳ ವಿಮರ್ಶಕರಿಂದ ಜಗತ್ತಿನ ಶ್ರೇಷ್ಠ ಚಿತ್ರಗಳ ಪಟ್ಟಿ ತರಿಸುತ್ತಾರೆ. 1952ರ ಮೊದಲ ಹತ್ತರಲ್ಲಿ ಚಾರ್ಲಿ ಚಾಪ್ಲಿನ್ನನ ಎರಡು ಚಿತ್ರಗಳಿದ್ದವು. ಕೀಟನ್ನನ ಒಂದೂ ಇರಲಿಲ್ಲ. 1972ರಲ್ಲಿ ನೋಡಿದರೆ ಚಾಪ್ಲಿನ್ ಮೊದಲ ಹತ್ತರಲ್ಲಿಲ್ಲ. 'ದಿ ಜನರಲ್' ಎಂಟನೆಯ ಸ್ಥಾನದಲ್ಲಿದೆ. 1982ರಲ್ಲಿಯೂ ಅದು ಹತ್ತರೊಳಗೇ ಉಳಿಯಿತು. 1989ರಲ್ಲಿ ಅಮೆರಿಕ ಸರಕಾರ ಕಾಯ್ದಿಡಬೇಕಾದ ಚಿತ್ರಗಳ ದಾಖಲೆಯನ್ನು ಆರಂಭಿಸಿದಾಗ ಮೊಟ್ಟಮೊದಲ ಕಂತಿನಲ್ಲಿಯೇ ಈ ಚಿತ್ರದ ಹೆಸರಿತ್ತು.

ಚಿತ್ರ ಅದೇ. ಅದರ ಒಂದು ಚೌಕವನ್ನೂ ಯಾರೂ ಹೊಸದಾಗಿ ತೆಗೆಯಲಿಲ್ಲ. ಹಾಗಾದರೆ ಬದಲಾದದ್ದು ಏನು? ಹಿಂದಿನವರು ದಡ್ಡರು, ನಾವು ಜಾಣರು ಎಂಬ ಉತ್ತರ ಬಹಳ ಸುಲಭದ್ದು. ಅದನ್ನು ನಾನು ಒಪ್ಪುವುದಿಲ್ಲ.

ಮೊದಲು ಕಥೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಹೇಳಿದರೆ ಸ್ವಾರಸ್ಯ ಕೆಡುವಂಥ ಕಥೆ ಇದಲ್ಲ. 1862ರ ಏಪ್ರಿಲಿನಲ್ಲಿ, ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, ಉತ್ತರದ ಕಡೆಯ ಕೆಲವರು ವೇಷ ಮರೆಸಿಕೊಂಡು ದಕ್ಷಿಣದ ಜಾರ್ಜಿಯಾ ಪ್ರಾಂತಕ್ಕೆ ನುಗ್ಗಿ 'ಜನರಲ್' ಎಂಬ ಹೆಸರಿನ ಒಂದು ಉಗಿ ಎಂಜಿನ್ನನ್ನೇ ಕದ್ದು ಓಡಿಸಿಕೊಂಡು ಹೋದರು. ದಕ್ಷಿಣದವರು ಬೆನ್ನಟ್ಟಿ ಹಿಡಿದರು. ಎಂಟು ಮಂದಿಯನ್ನು ಗಲ್ಲಿಗೇರಿಸಿದರು. ಇದು ನಡೆದ ಸಂಗತಿ. ಬದುಕಿ ಬಂದ ವಿಲಿಯಂ ಪಿಟೆಂಜರ್ ಎಂಬ ಸಿಪಾಯಿ ಇದರ ಮೇಲೆ ಪುಸ್ತಕ ಬರೆದನು. ಕೀಟನ್ ಅದನ್ನು ತಿರುಗಿಸಿ ಕಥೆಯನ್ನು ಎಂಜಿನ್ ಕಳೆದುಕೊಂಡ ಡ್ರೈವರನ ಕಡೆಯಿಂದ ಹೇಳಿದನು. ಅವನ ಹೆಸರು ಜಾನಿ ಗ್ರೇ. ಅವನಿಗೆ ಪ್ರೀತಿಯ ವಸ್ತುಗಳು ಎರಡೇ: ಎಂಜಿನ್ನು ಮತ್ತು ಆನಬೆಲ್ ಎಂಬ ಹುಡುಗಿ. ಯುದ್ಧಕ್ಕೆ ಸೇರಲು ಹೋದರೆ, ಡ್ರೈವರನಾಗಿಯೇ ಇವನು ಹೆಚ್ಚು ಉಪಯೋಗವೆಂದು ತೆಗೆದುಕೊಳ್ಳುವುದಿಲ್ಲ. ಕಾರಣವನ್ನು ಮಾತ್ರ ಹೇಳುವುದಿಲ್ಲ. ಹುಡುಗಿ ಹೇಡಿಯೆಂದು ಮುಖ ತಿರುಗಿಸುತ್ತಾಳೆ. ಮುಂದೆ ಕಳ್ಳರು ಎಂಜಿನ್ನನ್ನು ಒಯ್ದಾಗ ಅವಳೂ ಅದರೊಡನೆ ಹೋಗುತ್ತಾಳೆ. ಇವನು ಕಾಲ್ನಡಿಗೆಯಲ್ಲಿ, ಕೈಯಿಂದ ತಳ್ಳುವ ಟ್ರಾಲಿಯಲ್ಲಿ, ಹಳೆಯ ಮಾದರಿಯ ಸೈಕಲ್ಲಿನಲ್ಲಿ, ಕೊನೆಗೆ ಇನ್ನೊಂದು ಎಂಜಿನ್ನಿನಲ್ಲಿ ಒಬ್ಬನೇ ಬೆನ್ನಟ್ಟುತ್ತಾನೆ. ಅರ್ಧ ಚಿತ್ರ ಉತ್ತರಕ್ಕೆ ಓಟ, ಇನ್ನರ್ಧ ದಕ್ಷಿಣಕ್ಕೆ ವಾಪಸು. ಹೋಗುವಾಗ ಇವನಿಗೆ ಆದದ್ದು ಬರುವಾಗ ಅವರಿಗೆ ಆಗುತ್ತದೆ.

ಇದರಲ್ಲಿ ಒಂದು ದೃಶ್ಯವಿದೆ. ಹುಡುಗಿ ಬೇಡವೆಂದ ಮೇಲೆ ಜಾನಿ ಎಂಜಿನ್ನಿನ ಚಕ್ರಗಳನ್ನು ಕೂಡಿಸುವ ಕಬ್ಬಿಣದ ದಂಡದ ಮೇಲೆ ಕುಳಿತು ಚಿಂತಿಸುತ್ತಾನೆ. ಎಂಜಿನ್ನು ಮೆಲ್ಲನೆ ಹೊರಡುತ್ತದೆ. ದಂಡ ಇವನನ್ನು ಮೇಲೆತ್ತುತ್ತದೆ, ಕೆಳಗಿಳಿಸುತ್ತದೆ, ಮತ್ತೆ ಮೇಲೆತ್ತುತ್ತದೆ. ಇವನಿಗೆ ಅರಿವೇ ಇಲ್ಲ. ಶೆಡ್ಡಿನ ಕತ್ತಲೆಯೊಳಗೆ ಹೋಗುವ ಹೊತ್ತಿಗೆ ಎಚ್ಚರವಾಗುತ್ತದೆ. ಅಷ್ಟೆ. ಯಾರೂ ಬೀಳುವುದಿಲ್ಲ, ಯಾರೂ ಹೊಡೆಸಿಕೊಳ್ಳುವುದಿಲ್ಲ. ಈ ದೃಶ್ಯ ತೆಗೆಯುವಾಗ ಉಗಿಯನ್ನು ಸ್ವಲ್ಪ ಹೆಚ್ಚು ಬಿಟ್ಟು ಚಕ್ರ ಜಾರಿ ಗಿರ್ರನೆ ತಿರುಗಿದ್ದರೆ ಆತ ಸಾಯುತ್ತಿದ್ದ ಎಂದು ಕೀಟನ್ ಮುಂದೆ ಹೇಳಿದ್ದಾನೆ. ಯಂತ್ರದ ಪಕ್ಕದಲ್ಲಿ ಕೆಲಸ ಮಾಡುವ ನಮ್ಮ ಗಿರಣಿಯ ಗೆಳೆಯರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮೊದಲ ಪ್ರೇಕ್ಷಕರು ಇಂಥದಕ್ಕೆ ಏಕೆ ಸೋಲಲಿಲ್ಲ? ನನ್ನ ಅಲ್ಪಮತಿಗೆ ತೋಚಿದ್ದು ಹೀಗೆ. ಅವರು ಹಾಸ್ಯಚಿತ್ರದ ಟಿಕೀಟು ಕೊಂಡು ಬಂದಿದ್ದರು. ನಿಮಿಷಕ್ಕೊಂದು ನಗೆ ಬರಬೇಕೆಂಬುದು ಅವರ ಕರಾರು. ಬಂದು ನೋಡಿದರೆ ಕಾಡು, ಹೊಳೆ, ಹೊಗೆ, ಸೈನ್ಯ, ನಿಜವಾದ ರೈಲು! ಜೊತೆಗೆ ಆ ಯುದ್ಧ ಮುಗಿದು ಆಗ ಅರವತ್ತೆರಡು ವರ್ಷವಷ್ಟೇ ಆಗಿತ್ತು. ಅದರಲ್ಲಿ ಹೋರಾಡಿದ ಮುದುಕರು ಇನ್ನೂ ಬದುಕಿದ್ದರು. ಅವರ ಮಕ್ಕಳು, ಮೊಮ್ಮಕ್ಕಳು ಥಿಯೇಟರಿನಲ್ಲಿ ಕುಳಿತಿದ್ದರು. ಶೆರ್ವುಡ್ಡರ ಆಕ್ಷೇಪಣೆಯನ್ನು ಆ ಜಾಗದಲ್ಲಿಟ್ಟು ನೋಡಿದರೆ ಅದು ಮೂರ್ಖತನವಾಗಿ ಕಾಣುವುದಿಲ್ಲ.

ಅವರಿಗೆ ಭಾರವಾಗಿ ಕಂಡದ್ದೇ ಮುಂದೆ ಬಂದವರಿಗೆ ಹಿಡಿಸಿತು. ಚಿತ್ರವನ್ನು ತೆಗೆದದ್ದು ಆರೆಗಾನ್ ಪ್ರಾಂತದ ಕಾಟೇಜ್ ಗ್ರೋವ್ ಎಂಬ ಸಣ್ಣ ಊರಿನ ಸುತ್ತಮುತ್ತ. ಹಳೆಯ ಎಂಜಿನ್ನುಗಳು ಓಡಬಲ್ಲ ಹಳಿ ಅಲ್ಲಿತ್ತು. ಆ ಪ್ರಾಂತದ ಸುಮಾರು ಐನೂರು ಮಂದಿ ಕಾವಲು ಸೈನಿಕರನ್ನು ಕರೆಸಿ, ಒಂದು ದಿಕ್ಕಿನಿಂದ ಬರುವಾಗ ನೀಲಿ ಅಂಗಿ, ಇನ್ನೊಂದು ದಿಕ್ಕಿನಿಂದ ಬರುವಾಗ ಬೂದು ಅಂಗಿ ತೊಡಿಸಿ, ಎರಡು ಸೈನ್ಯಗಳನ್ನು ಅವರಿಂದಲೇ ಮಾಡಿದರು. (ಉಳಿತಾಯವೆಂದರೆ ಇದು.) ಆದರೆ ಉಳಿತಾಯ ಅಲ್ಲಿಗೇ ಮುಗಿಯಿತು. 1926ರ ಜುಲೈಯಲ್ಲಿ ಉರಿಯುವ ಸೇತುವೆಯ ಮೇಲೆ ನಿಜವಾದ ಎಂಜಿನ್ನನ್ನು ಓಡಿಸಿ ಹೊಳೆಗೆ ಬೀಳಿಸಿದರು. ಆಟಿಕೆಯ ರೈಲಲ್ಲ, ಕೈಚಳಕವಿಲ್ಲ. ಆ ಒಂದು ದೃಶ್ಯದ ವೆಚ್ಚ 42,000 ಡಾಲರೆಂದು ಹೇಳುತ್ತಾರೆ. ಎಂಜಿನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಳೆಯ ಕಬ್ಬಿಣಕ್ಕೆಂದು ಎತ್ತುವವರೆಗೂ ಹೊಳೆಯಲ್ಲಿಯೇ ಬಿದ್ದಿತ್ತು. ಬೀಳುವ ಎಂಜಿನ್ನನ್ನು ನೋಡುತ್ತ ಕುದುರೆಯ ಮೇಲಿರುವ ಸೇನಾಧಿಕಾರಿಯ ಮುಖವನ್ನು ಇಂದು ತಪ್ಪದೆ ಗಮನಿಸಿ. ಆಮೇಲೆ ಜಮಾ-ಖರ್ಚು ನೆನಪಾಗಿ ನನಗೆ ನಗು ಬರುತ್ತದೆ.

ಇನ್ನು ಕೀಟನ್ನನ ಮುಖ. ಆತ ಪರದೆಯ ಮೇಲೆ ನಗುವುದಿಲ್ಲ. 1895ರಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲಿಯೇ ತಂದೆತಾಯಿಯರೊಡನೆ ರಂಗದ ಮೇಲೆ ಹೋದವನು. ತಂದೆ ಹುಡುಗನನ್ನು ಎತ್ತಿ ಎಸೆಯುವುದೇ ಅವರ ಆಟ. ಎಸೆಸಿಕೊಂಡ ಹುಡುಗ ತಾನು ನಕ್ಕರೆ ಜನ ನಗುವುದಿಲ್ಲ, ಗಂಭೀರನಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ ಎಂಬುದನ್ನು ಆಗಲೇ ಕಲಿತನು. ಚಾಪ್ಲಿನ್ ನಮ್ಮನ್ನು ಕರೆಯುತ್ತಾನೆ, ಕಣ್ಣು ಮಿಟುಕಿಸುತ್ತಾನೆ, ಕಣ್ಣೀರು ತರಿಸುತ್ತಾನೆ. ಕೀಟನ್ ನಮ್ಮ ಕಡೆಗೆ ನೋಡುವುದೇ ಇಲ್ಲ, ಅವನಿಗೆ ಕೆಲಸವಿದೆ. ಸೌದೆ ಕಡಿಯುವುದರಲ್ಲಿ ಎಷ್ಟು ಮಗ್ನನೆಂದರೆ, ಹಿಂದೆ ತನ್ನ ಕಡೆಯ ಸೈನ್ಯ ಓಡಿಹೋಗಿ ಶತ್ರುಸೈನ್ಯ ಮುಂದೆ ಬರುತ್ತಿರುವುದೂ ಅವನಿಗೆ ಕಾಣುವುದಿಲ್ಲ. 1927ರಲ್ಲಿ ಇದು ತಣ್ಣಗೆ ಕಂಡಿರಬೇಕು. ಮುಂದಿನ ತಲೆಮಾರು, ಎರಡನೆಯ ಮಹಾಯುದ್ಧವನ್ನು ಕಂಡ ತಲೆಮಾರು, ಆ ಮುಖವನ್ನು ಬೇರೆ ರೀತಿ ಓದಿತು. ದೊಡ್ಡ ಯಂತ್ರದೊಳಗೆ ಸಿಕ್ಕ ಸಣ್ಣ ಮನುಷ್ಯ, ಗೊಣಗದೆ ತನ್ನ ಕೆಲಸ ಮಾಡುತ್ತಿದ್ದಾನೆ ಎಂದು.

ಆದರೆ ಓದುವುದಕ್ಕೆ ಮೊದಲು ಪುಸ್ತಕ ಸಿಗಬೇಕಲ್ಲ! ಈ ಮಾತು ವಾಚನಾಲಯದವರಾದ ನಮಗೆ ಬೇಗ ತಿಳಿಯಬೇಕು. ಮೂಕಚಿತ್ರಗಳ ಫಿಲ್ಮು ನೈಟ್ರೇಟಿನದು. ಬೇಗ ಹೊತ್ತಿಕೊಳ್ಳುವ, ಕಾಲಕ್ರಮದಲ್ಲಿ ತಾನೇ ಕರಗಿ ಪುಡಿಯಾಗುವ ವಸ್ತು. ಮಾತಿನ ಚಿತ್ರಗಳು ಬಂದ ಮೇಲೆ ಇವನ್ನು ಇಟ್ಟುಕೊಂಡು ಏನು ಮಾಡುವುದೆಂದು ಕಂಪನಿಗಳೇ ನಾಶ ಮಾಡಿದವು; ಫಿಲ್ಮಿನಲ್ಲಿರುವ ಬೆಳ್ಳಿಗಾಗಿಯೂ ಎಷ್ಟೋ ಚಿತ್ರಗಳು ಹೋದವು. ಅಮೆರಿಕದ ಪಾರ್ಲಿಮೆಂಟಿನ ಗ್ರಂಥಾಲಯ 2013ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಅಲ್ಲಿನ ಸುಮಾರು 11,000 ದೀರ್ಘ ಮೂಕಚಿತ್ರಗಳಲ್ಲಿ ನೂರಕ್ಕೆ ಎಪ್ಪತ್ತು ಪೂರ್ತಿ ಕಳೆದುಹೋಗಿವೆ. ಅವುಗಳಲ್ಲಿ ಇನ್ನೊಂದು 'ಜನರಲ್' ಇತ್ತೋ ಏನೋ, ಯಾರು ಹೇಳಬೇಕು?

ಕೀಟನ್ನನ ಚಿತ್ರಗಳು ಉಳಿದದ್ದರಲ್ಲಿ ಅದೃಷ್ಟದ ಪಾಲು ದೊಡ್ಡದು. ಒಳ್ಳೆಯ ದಿನಗಳಲ್ಲಿ ಆತ ಕಟ್ಟಿಸಿದ್ದ ಬೆವರ್ಲಿ ಹಿಲ್ಸಿನ ಬಂಗಲೆ ಕೈಬಿಟ್ಟುಹೋಗಿ, ಕೊನೆಗೆ ಜೇಮ್ಸ್ ಮೇಸನ್ ಎಂಬ ಇಂಗ್ಲಿಷ್ ನಟನ ಪಾಲಾಯಿತು. 1950ರ ದಶಕದಲ್ಲಿ ಅದರ ಹಿತ್ತಲ ಕೋಣೆಯೊಂದರಲ್ಲಿ ಕೀಟನ್ನನ ಚಿತ್ರಗಳ ಪ್ರತಿಗಳು ಸಿಕ್ಕವು. 1954ರಲ್ಲಿ ರೇಮಂಡ್ ರೋಹಾವರ್ ಎಂಬ ಥಿಯೇಟರಿನವನು ಕೀಟನ್ನನೊಡನೆ ಸೇರಿ, ಸಿಕ್ಕ ಪ್ರತಿಗಳನ್ನು ಬೆಂಕಿ ಹತ್ತದ ಫಿಲ್ಮಿಗೆ ಇಳಿಸುವ ಕೆಲಸ ಹಿಡಿದನು. ಅದಕ್ಕೂ ಮೊದಲೇ, 1949ರ ಸೆಪ್ಟೆಂಬರಿನಲ್ಲಿ, ಜೇಮ್ಸ್ ಏಜಿ ಎಂಬ ಲೇಖಕರು 'ಲೈಫ್' ಪತ್ರಿಕೆಯಲ್ಲಿ ಮೂಕ ಹಾಸ್ಯಚಿತ್ರಗಳ ಕಾಲವನ್ನು ಕುರಿತು ಉದ್ದನೆಯ ಲೇಖನ ಬರೆದು ಜನರ ನೆನಪನ್ನು ಕೆದಕಿದ್ದರು. ಒಂದು ಲೇಖನ, ಒಂದು ಹಿತ್ತಲ ಕೋಣೆ, ಒಬ್ಬ ಥಿಯೇಟರಿನವನು. ಕಾಲವೇ ನ್ಯಾಯ ಕೊಡುತ್ತದೆ ಎನ್ನುತ್ತೇವೆ. ಇಲ್ಲಿ ಕೊಟ್ಟವರು ಹೆಸರುಳ್ಳ ಕೆಲವು ಮನುಷ್ಯರು.

ನ್ಯಾಯ ಬಂದದ್ದು ಹೌದು. ಬರುವಷ್ಟರಲ್ಲಿ ಆದ ನಷ್ಟವನ್ನು ಯಾವ ಖಾತೆಗೆ ಬರೆಯಬೇಕು? 'ಜನರಲ್' ಸೋತ ಮೇಲೆ ಕೀಟನ್ನನಿಗೆ ತನ್ನ ಮನಸ್ಸಿನಂತೆ ಚಿತ್ರ ಮಾಡುವ ಸ್ವಾತಂತ್ರ್ಯ ಹೆಚ್ಚು ದಿನ ಉಳಿಯಲಿಲ್ಲ. 1928ರಲ್ಲಿ ಎಂ.ಜಿ.ಎಂ. ಕಂಪನಿಗೆ ಒಪ್ಪಂದದ ಮೇಲೆ ಹೋದನು. ತನ್ನ ಜೀವಮಾನದ ದೊಡ್ಡ ತಪ್ಪು ಅದೆಂದು ಮುಂದೆ ತಾನೇ ಬರೆದುಕೊಂಡನು. ಅಲ್ಲಿ ಕಥೆ ಬೇರೆಯವರದು, ಹೊತ್ತು ಬೇರೆಯವರದು. ಕುಡಿತ ಹೆಚ್ಚಿತು, ಸಂಸಾರ ಒಡೆಯಿತು, 1933ರಲ್ಲಿ ಕೆಲಸ ಹೋಯಿತು. ಮುಂದೆ ಅದೇ ಕಂಪನಿಗೆ ವಾರಕ್ಕೆ ನೂರು ಡಾಲರಿನ ಮೇಲೆ, ಇತರರ ಚಿತ್ರಗಳಿಗೆ ನಗೆಯ ಉಪಾಯ ಹೇಳಿಕೊಡುವವನಾಗಿ ಹೋದನು. 1927ರಲ್ಲಿ ಆತನಿಗೆ ಮೂವತ್ತೊಂದು ವರ್ಷ. ಆ ವಯಸ್ಸಿನ ಕೆಲಸಗಾರ ಇನ್ನು ಹತ್ತು-ಹದಿನೈದು ವರ್ಷ ಏನೇನು ಮಾಡುತ್ತಿದ್ದನೋ, ಅದು ಆಗಲಿಲ್ಲ. ಮರುವಿಮರ್ಶೆ ಮಾಡಬೇಕೆಂದರೆ ಆ ಚಿತ್ರಗಳೇ ಇಲ್ಲ.

ಒಂದು ಸಮಾಧಾನವೆಂದರೆ, ಮಾನ ಮರಳಿ ಬಂದಾಗ ಆತ ಬದುಕಿದ್ದ. 1960ರಲ್ಲಿ ಗೌರವದ ಆಸ್ಕರ್ ಬಂತು. 1962ರಲ್ಲಿ ಪ್ಯಾರಿಸ್ಸಿನ ಸಿನಿಮಾಟೆಕ್ ಆತನ ಚಿತ್ರಗಳನ್ನು ಸಾಲಾಗಿ ತೋರಿಸಿತು. ಅದೇ ವರ್ಷ ಜರ್ಮನಿಯಲ್ಲಿ 'ಜನರಲ್' ಹೊಸ ಸಂಗೀತದೊಡನೆ ಮತ್ತೆ ಬಿಡುಗಡೆಯಾಯಿತು. 1965ರ ಸೆಪ್ಟೆಂಬರಿನಲ್ಲಿ ವೆನಿಸ್ ಉತ್ಸವದಲ್ಲಿ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. 1966ರ ಫೆಬ್ರವರಿ 1ರಂದು ತೀರಿಕೊಂಡನು.

ಚಾಪ್ಲಿನ್, ಹೆರಾಲ್ಡ್ ಲಾಯ್ಡ್ ಇಬ್ಬರ ಮಾತನ್ನೂ ಇಲ್ಲಿ ಎರಡು ವಾಕ್ಯದಲ್ಲಿ ಹೇಳಬೇಕು. ಚಾಪ್ಲಿನ್ ತನ್ನ ಚಿತ್ರಗಳ ಒಡೆತನವನ್ನು ಬಿಡಲಿಲ್ಲ. 1925ರ 'ಗೋಲ್ಡ್ ರಷ್' ಚಿತ್ರವನ್ನು 1942ರಲ್ಲಿ ತನ್ನದೇ ಧ್ವನಿ, ತನ್ನದೇ ಸಂಗೀತ ಸೇರಿಸಿ ಮತ್ತೆ ಹೊರತಂದನು, ಎಂದರೆ ತನ್ನ ಮರುಬೆಲೆಯನ್ನು ತಾನೇ ಕಟ್ಟಿಕೊಂಡನು. ಲಾಯ್ಡ್ ಕೂಡ ಒಡೆತನ ಉಳಿಸಿಕೊಂಡವನೇ, ಆದರೆ ಪೆಟ್ಟಿಗೆ ಬೀಗ ಹಾಕಿ ಕಾದನು. ಅದರ ಪರಿಣಾಮ, ಒಂದು ಕಾಲದಲ್ಲಿ ಹಣದ ಲೆಕ್ಕದಲ್ಲಿ ಎಲ್ಲರಿಗಿಂತ ಮುಂದಿದ್ದವನು ಇಂದು ಹೆಚ್ಚಿನವರಿಗೆ ಗಡಿಯಾರದ ಮುಳ್ಳಿಗೆ ಜೋತುಬಿದ್ದ ಕನ್ನಡಕದ ಮನುಷ್ಯನಾಗಿ ಮಾತ್ರ ಗೊತ್ತು. ಆ ಚಿತ್ರ 1923ರ 'ಸೇಫ್ಟಿ ಲಾಸ್ಟ್'.

ಇನ್ನೊಂದು ವಿಷಯ, ಬಹಳ ಸಣ್ಣದಾಗಿ ಕಂಡರೂ ಸಣ್ಣದಲ್ಲ: ವೇಗ. ಹಳೆಯ ಚಿತ್ರವೆಂದರೆ ಜನ ಇಲಿಗಳ ಹಾಗೆ ಪುಟಪುಟನೆ ಓಡಾಡುವುದು ಎಂದು ಮಕ್ಕಳು ನಗುತ್ತಾರೆ. ಅದು ಚಿತ್ರದ ದೋಷವಲ್ಲ. ಮೊದಲ ದಿನಗಳಲ್ಲಿ ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದರು. ಸೆಕೆಂಡಿಗೆ 16, 18, 20 ಚೌಕ, ಹೀಗೆ ಒಂದೊಂದರದು ಒಂದೊಂದು ವೇಗ. ಮಾತಿನ ಚಿತ್ರಗಳು ಬಂದ ಮೇಲೆ ಯಂತ್ರಗಳೆಲ್ಲ 24ಕ್ಕೆ ನಿಂತವು. 16ರಲ್ಲಿ ತೆಗೆದದ್ದನ್ನು 24ರಲ್ಲಿ ಓಡಿಸಿದರೆ ಒಂದು ಗಂಟೆಯ ಚಿತ್ರ ನಲವತ್ತು ನಿಮಿಷಕ್ಕೆ ಮುಗಿಯುತ್ತದೆ. ಮಗ್ಗವನ್ನು ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿದರೆ ನೂಲು ಉಳಿದೀತೆ? ಹಾಸ್ಯನಟನೂ ಒಂದು ಕ್ಷಣ ತಡೆದು, ಯೋಚಿಸಿ, ಆಮೇಲೆ ಬೀಳುತ್ತಾನೆ. ಆ ತಡೆಯುವ ಕ್ಷಣವೇ ಹಾರಿಹೋದರೆ ಉಳಿಯುವುದು ಬರೀ ಬೀಳುವುದು. ಹೀಗೆ ಎಷ್ಟೋ ವರ್ಷ ಜನ ಕಂಡದ್ದು ಮೂಕಚಿತ್ರದ ಹಾಸ್ಯವನ್ನಲ್ಲ, ಯಂತ್ರದ ಅವಸರವನ್ನು. 1926ರ ಹೊತ್ತಿಗೆ ಚಿತ್ರ ತೆಗೆಯುವ ವೇಗವೇ ಹೆಚ್ಚಿದ್ದುದರಿಂದ 'ಜನರಲ್'ಗೆ ಆದ ಹಾನಿ ಕಡಿಮೆ. ಹಿಂದಿನ ಚಿತ್ರಗಳಿಗೆ ಆದದ್ದು ಹೆಚ್ಚು. ಹಾಸ್ಯಗಾರರೇ ಬೇಕೆಂದು ಕೆಲವೆಡೆ ವೇಗ ಹೆಚ್ಚಿಸುತ್ತಿದ್ದುದೂ ಉಂಟು. ಅದು ಅವರ ಅಳತೆ, ಅದರ ಮಾತು ಬೇರೆ.

ಈಗ ಮುಜುಗರದ ಸಂಗತಿಯನ್ನೂ ಹೇಳಿಬಿಡಬೇಕು. ನಮ್ಮ ಜಾನಿ ಗ್ರೇ ದಕ್ಷಿಣದ ಪಕ್ಷದವನು. ಆ ದಕ್ಷಿಣ ಹೋರಾಡಿದ್ದು ಗುಲಾಮಗಿರಿಯನ್ನು ಉಳಿಸಿಕೊಳ್ಳುವುದಕ್ಕೆ. ಸೋತವರನ್ನು ಖಳರನ್ನಾಗಿ ಮಾಡಿದರೆ ಜನ ಒಪ್ಪುವುದಿಲ್ಲವೆಂದು ಕೀಟನ್ ಹೀಗೆ ಮಾಡಿದನಂತೆ. ಕಾರಣ ಏನೇ ಇರಲಿ, ಚಿತ್ರದಲ್ಲಿ ಗುಲಾಮಗಿರಿಯ ಸುದ್ದಿಯೇ ಇಲ್ಲ. 1925ರ 'ಸೆವೆನ್ ಚಾನ್ಸಸ್', 1927ರ 'ಕಾಲೇಜ್' ಚಿತ್ರಗಳಲ್ಲಿ ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕರಿಯರನ್ನು ಹಾಸ್ಯ ಮಾಡುವುದಿದೆ. 1927ರ ಬಿಳಿಯ ಪ್ರೇಕ್ಷಕ ಇದನ್ನು ಗಮನಿಸದೆ ದಾಟಿದನು. ಇಂದಿನವನು ದಾಟಲಾರನು, ದಾಟಲೂ ಬಾರದು. ಮರುಬೆಲೆ ಕಟ್ಟುವುದೆಂದರೆ ಮೇಲಕ್ಕೇರಿಸುವುದು ಮಾತ್ರವಲ್ಲ. ಮೊನ್ನೆ ಮೊನ್ನೆ, 2022ರ 'ಸೈಟ್ ಅಂಡ್ ಸೌಂಡ್' ಪಟ್ಟಿಯಲ್ಲಿ 'ಜನರಲ್' 95ನೆಯ ಸ್ಥಾನಕ್ಕೆ ಇಳಿದಿದೆ. ಕೀಟನ್ನನದೇ 1924ರ 'ಷರ್ಲಾಕ್ ಜೂನಿಯರ್', ಬಂದಾಗ ಅಷ್ಟೇನೂ ಮನ್ನಣೆ ಪಡೆಯದ ಚಿಕ್ಕ ಚಿತ್ರ, 54ರಲ್ಲಿದೆ. ಇನ್ನು ಹತ್ತು ವರ್ಷಕ್ಕೆ ಯಾವುದು ಎಲ್ಲಿರುವುದೋ!

ನಮ್ಮ ದೇಶದ ಲೆಕ್ಕ ಇದಕ್ಕಿಂತ ಕಷ್ಟದ್ದು. ಭಾರತದಲ್ಲಿ ತಯಾರಾದ ಮೂಕಚಿತ್ರಗಳು ಸುಮಾರು 1,300. ಪೂರ್ತಿಯಾಗಿಯೋ ತುಂಡಾಗಿಯೋ ಉಳಿದಿರುವುದು ಸುಮಾರು 30. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಆರಂಭವಾದದ್ದು 1964ರಲ್ಲಿ. ಅಷ್ಟರಲ್ಲಿ ಹೋದದ್ದೇ ಹೆಚ್ಚು. ಅದನ್ನು ಕಟ್ಟಿದ ಪಿ. ಕೆ. ನಾಯರ್ ಅವರು ಊರೂರು ತಿರುಗಿ ಫಿಲ್ಮಿನ ಡಬ್ಬಿಗಳನ್ನು ಕೂಡಿಸಿದರು. ಫಾಳ್ಕೆಯವರ 1913ರ 'ರಾಜಾ ಹರಿಶ್ಚಂದ್ರ'ದ ಉಳಿದ ಭಾಗವನ್ನು ನಾವು ನೋಡುತ್ತಿರುವುದು ಇಂಥವರ ದುಡಿಮೆಯಿಂದ. ಮೂಕ ಹಾಸ್ಯವೆಂದರೆ 1931ರಲ್ಲಿ ಬಂಗಾಲದ ಕಾಲಿಪದ ದಾಸ್ ತೆಗೆದ 'ಜಮಾಯ್ ಬಾಬು' ಉಳಿದಿದೆ: ಹಳ್ಳಿಯ ಅಳಿಯನೊಬ್ಬ ಕಲಕತ್ತೆಗೆ ಬಂದು ಪಡುವ ಪಾಡು. ಬೀದಿಯಲ್ಲಿ ದಿಕ್ಕು ತಪ್ಪುವ ಅವನನ್ನು ನೋಡುತ್ತ ನಾವು ಅಂದಿನ ಕಲಕತ್ತೆಯ ಬೀದಿಗಳನ್ನೂ ನೋಡುತ್ತೇವೆ. ತೆಗೆದವನು ಅದನ್ನು ಎಣಿಸಿರಲಾರ. ಕನ್ನಡಿಗರಾದ ನಮ್ಮ ಮೊದಲ ವಾಕ್ಚಿತ್ರ, 1934ರ 'ಸತಿ ಸುಲೋಚನಾ', ಕೊಲ್ಹಾಪುರದಲ್ಲಿ ತಯಾರಾಯಿತು. ಅದರ ಒಂದು ಪ್ರತಿಯೂ ಇಂದು ಇಲ್ಲ. ಅದು ಚೆನ್ನಾಗಿತ್ತೋ ಇಲ್ಲವೋ ಎಂದು ವಾದ ಮಾಡುವ ಹಕ್ಕೂ ನಮಗೆ ಉಳಿದಿಲ್ಲ.

ಆದುದರಿಂದ ಸಮಿತಿಗೆ ನನ್ನದೊಂದು ಬಿನ್ನಹ. ನಮ್ಮ ಸದಸ್ಯರ ಮನೆಗಳ ಅಟ್ಟದ ಮೇಲೆ, ಟ್ರಂಕಿನ ತಳದಲ್ಲಿ ಹಳೆಯ ಕನ್ನಡ ನಾಟಕ ಕಂಪನಿಗಳ ಹಸ್ತಪತ್ರಿಕೆ, ಸಿನಿಮಾ ಹಾಡಿನ ಪುಸ್ತಕ, ಸಂಘದ ಉತ್ಸವಗಳ ಫಿಲ್ಮು ಇದ್ದರೆ ರದ್ದಿಗೆ ಹಾಕುವ ಮೊದಲು ಇಲ್ಲಿಗೆ ತಂದು ತೋರಿಸಬೇಕು. ಹಿಂದಿನ ಕೋಣೆಯ ಕಪಾಟಿನ ಮೇಲಿನ ಎರಡು ಖಾನೆ ಖಾಲಿಯಿವೆ. ಪಟ್ಟಿ ಬರೆದು ರಸೀದಿ ಕೊಡುವ ಕೆಲಸ ನನ್ನದು.

ಚಿತ್ರ ಸುಮಾರು ಒಂದೂಕಾಲು ಗಂಟೆಯದು. ಮಕ್ಕಳೆ, ಫಿರಂಗಿಯ ದೃಶ್ಯದಲ್ಲಿ ಹೆದರಬೇಡಿ. ಗುಂಡು ಎಲ್ಲಿ ಹೋಗಿ ಬೀಳುತ್ತದೆಂದು ನೋಡಿ. ಆನಬೆಲ್ ಒಲೆಗೆ ಹಾಕಲು ಎಂಥ ಕಟ್ಟಿಗೆ ಆರಿಸುತ್ತಾಳೆಂಬುದನ್ನು ತಾಯಂದಿರು ನೋಡಬೇಕು. ಆ ಹುಡುಗಿಯ ಪರವಾಗಿ ಮಾತಾಡುವವರು ಆಮೇಲೆ ಮಾತಾಡಬಹುದು, ಚಹದ ಹೊತ್ತಿನಲ್ಲಿ ಚರ್ಚೆಗೆ ಅವಕಾಶವಿದೆ. ಕಿಟಕಿಯ ಹತ್ತಿರ ಕುಳಿತವರು ದಯವಿಟ್ಟು ಪರದೆ ಎಳೆಯಬೇಕು. ಬಾಗಿಲ ಬಳಿ ನಿಂತವರಿಗೆ ಎಡಗಡೆಯ ಬೆಂಚು ಖಾಲಿಯಿದೆ.